ಎಪ್ಪತ್ತೊಂದು ಪೆಟ್ಟು

ನಮ್ಮ ಮನೆಯಲ್ಲಿ ಜಗಳ ಶುರುವಾಗುವುದು ಎರಡನೇ ರೊಟ್ಟಿಗೆ. ಮೊದಲನೇ ರೊಟ್ಟಿ ತಿನ್ನುವಾಗ ಯಾರ ಬಾಯಿಗೂ ಪುರುಸೊತ್ತಿರುವುದಿಲ್ಲ. ಮೂರನೆಯದು ಬರುವಷ್ಟರಲ್ಲಿ ಹೊಟ್ಟೆ ತಣ್ಣಗಾಗಿರುತ್ತದೆ. ಇದು ಗೊತ್ತಿದ್ದೂ ನಾನು ಫೆಬ್ರುವರಿಯ ಆ ಭಾನುವಾರ ಮಧ್ಯಾಹ್ನ ಮಾವನ ತಾಟಿಗೆ ಎರಡನೇ ರೊಟ್ಟಿ ಹಾಕಿ, ಮೇಲೊಂದು ಸೌಟು ಪುಂಡಿಪಲ್ಯ ಬಡಿಸಿ, "ಮಾವಾ, ಒಂದ್ ಮಾತು ಕೇಳ್ಲೇನ್ರಿ?" ಎಂದೆ.

"ಗಂಟಿ ಮಾತಾದ್ರ ಬ್ಯಾಡವಾ," ಎಂದರು ಮಾವ, ತಲೆ ಎತ್ತದೆ.

ಗಂಟೆಯ ಮಾತೇ ಆಗಿತ್ತು.

ನಮ್ಮ ಮಾವ ಬಕ್ಕಪ್ಪನವರು ಜಹೀರಾಬಾದಿನ ನಮ್ಮ ಚರ್ಚಿನ ಗಂಟೆ ಬಾರಿಸುವವರು. ಗೋಪುರದ ಬೀಗದಕೈ ನಲವತ್ತು ವರ್ಷದಿಂದ ಅವರ ಉಡಿದಾರದಲ್ಲಿಯೇ ಇದೆ. ಸ್ನಾನಕ್ಕೂ ಬಿಚ್ಚುವುದಿಲ್ಲ. ನಸುಕಿನಲ್ಲಿ ನೀರಿನ ಚರಗಿ ಹಿಡಿದು ಹೊಲದ ಕಡೆ ಹೋಗುವಾಗ ಮಾತ್ರ, ದೇವರ ಕೀಲಿ ಅಲ್ಲಿಗೆ ಬರಬಾರದು ಎಂದು ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿ ಹೋಗುತ್ತಾರೆ. ಗಂಟೆ ಬಾರಿಸುವುದು ಭಾನುವಾರ ಮೂರು ಸಲ, ಕ್ರಿಸ್‌ಮಸ್ಸಿಗೆ ಕೈ ಸೋಲುವ ತನಕ, ಆಮೇಲೆ ಸಾವಿಗೆ. ಸಾವಿನ ಗಂಟೆಗೆ ಒಂದು ಲೆಕ್ಕವಿದೆ: ಹೋದವರಿಗೆ ಎಷ್ಟು ವರ್ಷವೋ ಅಷ್ಟು ಪೆಟ್ಟು, ಒಂದೊಂದಾಗಿ, ನಡುವೆ ಒಂದು ಉಸಿರಿನಷ್ಟು ಬಿಡುವು. ವಾರದ ದಿನ ಗಂಟೆ ಕೇಳಿದರೆ ನಮ್ಮ ಓಣಿಯವರು ಮಲಗಿದಲ್ಲಿಯೇ ಬೆರಳು ಮಡಚಿ ಎಣಿಸುತ್ತಾರೆ. ಹೆಸರು ಯಾರೂ ಹೇಳಬೇಕಾಗಿಲ್ಲ. ನಿಂತ ಸಂಖ್ಯೆಯೇ ಯಾರ ಮನೆಗೆ ಹೋಗಬೇಕೆಂದು ಹೇಳುತ್ತದೆ.

ನನ್ನ ಕಷ್ಟ ಬೇರೆ ಇತ್ತು. ವಾರವೆಲ್ಲ ಪ್ರೈಮರಿ ಶಾಲೆಯಲ್ಲಿ ಅಕ್ಷರ ತಿದ್ದಿಸಿ, ಸಂಜೆ ಊರವರ ಕುಪ್ಪಸ ಹೊಲಿದು, ಉಳಿದ ಹೊತ್ತಿನಲ್ಲಿ ಆರು ವರ್ಷದಿಂದ ಚರ್ಚಿನ ಯೌವನಸ್ಥರ ಕೂಟ ನಡೆಸುತ್ತಿದ್ದೆ. ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ತೆಲುಗು ಓದಿ, ಬಜಾರಿನಲ್ಲಿ ಉರ್ದು ಮಾತಾಡುವ ಮಕ್ಕಳು. ಕನ್ನಡದ ಹಾಡನ್ನು ತೆಲುಗು ಅಕ್ಷರದಲ್ಲಿ ಬರೆದುಕೊಂಡು ಬಾಯಿತುಂಬ ಹಾಡುತ್ತಿದ್ದರು. ಹಾಡಿನಲ್ಲಿ ಒಂದೂ ತಪ್ಪಿರಲಿಲ್ಲ. ಆದರೆ ಹೋದ ವರ್ಷ ಹತ್ತನೇ ಕ್ಲಾಸಿಗೆ ಕೂತ ಒಂಬತ್ತು ಜನರಲ್ಲಿ ಆರು ಜನ ಫೇಲಾದರು. ಆ ಭಾನುವಾರ ಬೆಳಿಗ್ಗೆ ಕಮಿಟಿಯಲ್ಲಿ ಪಕ್ಕದ ಮನೆಯ ಜನಾಬಾಯಿ, ಸ್ತ್ರೀ ಸಮಾಜದ ಹಿರಿಯಳು, ಸೆರಗು ಬಿಗಿದುಕೊಂಡು ಎದ್ದು ನಿಂತಿದ್ದಳು.

"ಹಾಡು ಪಾಸಾತು, ಹುಡುಗ್ರು ಫೇಲಾದ್ರು. ಇಂಥಾ ಕೂಟ ಬಂದ್ ಮಾಡ್ರಿ."

ಪಾಸ್ಟರಯ್ಯ ಮೆತ್ತನೆಯ ಮನುಷ್ಯ. ಈ ವರ್ಷದ ಪರೀಕ್ಷೆ ಮುಗಿಯಲಿ, ಏಪ್ರಿಲ್ ಕೊನೆಯ ಭಾನುವಾರ ಕೂತು ತೀರ್ಮಾನಿಸೋಣ ಎಂದರು. ಅಂದರೆ ನನ್ನ ಕೂಟದ ಆಯುಷ್ಯ ಇನ್ನು ಎರಡು ತಿಂಗಳು.

ಈ ಸಲ ಪರೀಕ್ಷೆಗೆ ಕೂರುವವರು ಹನ್ನೊಂದು ಜನ. ನನ್ನ ಮಗಳು ರೂತಿ ಅವರಲ್ಲೊಬ್ಬಳು. ಅವರ ಮನೆಗಳೆಲ್ಲ ಒಂದೊಂದೇ ಕೋಣೆಯವು, ಒಂದೇ ಕಂದೀಲು, ನಾಲ್ಕು ತಮ್ಮ ತಂಗಿಯರು. ಚರ್ಚಿನಲ್ಲಿ ಎರಡು ಕರೆಂಟಿನ ದೀಪ ಇವೆ, ಚಾಪೆ ಇವೆ. ನಸುಕಿನ ನಾಲ್ಕೂವರೆಗೆ ಎಲ್ಲರನ್ನೂ ಅಲ್ಲಿ ಕೂಡಿಸಿ ಏಳರತನಕ ಓದಿಸಿದರೆ? ಪಾಸ್ಟರಯ್ಯ ಹೂಂ ಎಂದಿದ್ದರು. ಆದರೆ ಹುಡುಗರನ್ನು ಎಬ್ಬಿಸುವವರು ಯಾರು? ಓಣಿಯಲ್ಲಿ ಅಲಾರಂ ಗಡಿಯಾರ ಇದ್ದ ಮನೆ ಒಂದೂ ಇರಲಿಲ್ಲ.

"ಹತ್ತಿಪ್ಪತ್ತು ಪೆಟ್ಟು ಸಾಕ್ರಿ ಮಾವಾ. ಹುಡುಗ್ರು ಏಳ್ತಾರ," ಎಂದೆ.

"ಕತ್ಲಾಗ ಗಂಟಿ ಹೊಡದ್ರ ಅದು ಸಾವಿನ ಗಂಟಿ. ದೇವರ ಗಂಟಿ ಏನ್ ಬಸ್‌ಸ್ಟ್ಯಾಂಡಿನ ಚಾದ ಅಂಗಡಿ ಗಂಟಿ ತಿಳದೀಯೇನು?"

ನಾನು ಗಂಡನ ಮುಖ ನೋಡಿದೆ. ಅಂಜಪ್ಪ ಸರಕಾರಿ ಬಸ್ಸಿನ ಕಂಡಕ್ಟರ್. ಒಂದು ದಿನ ತಾಂಡೂರು, ಒಂದು ದಿನ ನಾರಾಯಣಖೇಡ. ಅವರು ರೊಟ್ಟಿಯನ್ನು ನಾಲ್ಕು ತುಂಡು ಮಾಡಿ, "ನನ್ನ ನೋಡಬ್ಯಾಡ. ಎರಡೂ ಬಾಗಿಲದಾಗ ಒಮ್ಮೆಲೆ ನಿಂದರಾಕ ನನಗ ಬರಂಗಿಲ್ಲ," ಎಂದು ನೀರು ಕುಡಿದು ಎದ್ದುಬಿಟ್ಟರು.

ಹಾಗಾಗಿ ಕೀಲಿ ಕದ್ದವಳು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮಾರ್ಚ್ ಒಂದನೇ ವಾರದ ಸೋಮವಾರ. ಮಾವ ಚರಗಿ ಹಿಡಿದು ಹೊರಬಿದ್ದ ಕೂಡಲೇ ಮೊಳೆಯಿಂದ ಕೀಲಿ ತೆಗೆದುಕೊಂಡು ಚರ್ಚಿಗೆ ನಡೆದೆ. ಅವರು ತಿರುಗಿ ಬರಲು ಮುಕ್ಕಾಲು ತಾಸು ಬೇಕು; ಅಷ್ಟರಲ್ಲಿ ಕೀಲಿ ಮೊಳೆಗೆ ವಾಪಸ್ಸು. ಗಂಟೆ ಕೇಳಿ ಬೈದರೆ ಆಮೇಲೆ ಬೈಸಿಕೊಂಡರಾಯಿತು. ಹಗ್ಗ ಎಳೆಯುವ ಕೆಲಸ ಆತ್ಮಾರಾಮನದು. ಅವನು ನಾಗಲಗಿದ್ದದ ಕಡೆಯ ಕುರಿಗಾರ ಮಾಣಿಕಪ್ಪನ ಮಗ, ಇಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುವವನು. ನಮ್ಮ ಚರ್ಚಿನ ಸಭೆಯವನಲ್ಲ. ಢೋಲಕ್ ಬಾರಿಸಲು ಸಿಗುತ್ತದೆಂದು ಕೂಟಕ್ಕೆ ಬಂದವನು ಅಲ್ಲಿಯೇ ನಿಂತಿದ್ದ. ಲೆಕ್ಕದಲ್ಲಿ ಎರಡು ಸಲ ಫೇಲು.

"ಇಪ್ಪತ್ತು ಪೆಟ್ಟು. ಜಲ್ದಿ ಜಲ್ದಿ. ಗೊತ್ತಾತಿಲ್ಲೊ?" ಎಂದೆ.

"ಗೊತ್ತಾತಕ್ಕ. ಫಿಕರ್ ಮಾಡಬ್ಯಾಡ್ರಿ."

ನಾನು ಒಳಗೆ ಹೋಗಿ ದೀಪ ಹಾಕಿ ಚಾಪೆ ಬಿಚ್ಚುತ್ತಿದ್ದೆ. ಡಣ್ ಎಂದಿತು. ಬಹಳ ಹೊತ್ತಿನ ಮೇಲೆ ಇನ್ನೊಮ್ಮೆ ಡಣ್. ಹಗ್ಗದ ಭಾರ ಅವನಿಗೆ ಗೊತ್ತಿರಲಿಲ್ಲ. ಒಂದು ಸಲ ಎಳೆದರೆ ಉಸಿರು ತೆಗೆದುಕೊಂಡೇ ಎರಡನೆಯದು. ಹತ್ತಾಯಿತು, ಇಪ್ಪತ್ತಾಯಿತು, ಇಪ್ಪತ್ತೈದಾಯಿತು. ನಿಲ್ಲಲಿಲ್ಲ. ಓಡಿದೆ. ನಾಯಿಗಳು ಒಳಗೆ ಬಂದಾವೆಂದು ಅವನು ಗೋಪುರದ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡಿದ್ದ, ಕಿವಿ ಗುಂಯ್‌ಗುಡುತ್ತದೆಂದು ತಲೆಗೆ ಟವೆಲ್ ಸುತ್ತಿಕೊಂಡಿದ್ದ. ನಾನು ಬಾಗಿಲು ಬಡಿದೆ, ಕೂಗಿದೆ, ಕಲ್ಲು ತೆಗೆದುಕೊಂಡು ಕುಟ್ಟಿದೆ. ಕೊನೆಗೆ ಅವನಾಗಿಯೇ ಸುಸ್ತಾಗಿ ನಿಲ್ಲಿಸಿ ಬಾಗಿಲು ತೆರೆದ.

"ಇಪ್ಪತ್ತು ಅಂದಿದ್ನೆಲ್ಲೋ!"

"ಲೆಕ್ಕಾ ತಪ್ಪೀತಕ್ಕ. ಯಾರೂ ಬಂದಿಲ್ಲಂತ ಹೊಡದೇ ಹೊಡದೆ."

"ಕುರಿ ಎಣಸೋ ಮನಿತನದವ ನೀನು!"

"ಎಣಸಬಾರದಕ್ಕ. ಎಣಿಸಿದ್ರ ಕುರಿ ಕಮ್ಮಿ ಆಗ್ತಾವ. ನಮ್ಮಪ್ಪ ಒಂದೊಂದರ ಮಾರಿ ನೋಡೇ ಹೇಳ್ತಾನ ಯಾವುದು ಬಂದಿಲ್ಲಂತ."

ಇವನು ಎಣಿಸಿರಲಿಲ್ಲ. ಓಣಿ ಎಣಿಸಿತ್ತು. ಎಪ್ಪತ್ತೊಂದು.

ಹೋದ ವರ್ಷವೇ ಸಭೆಯವರು ಮಾವನಿಗೆ ಎಪ್ಪತ್ತು ತುಂಬಿತೆಂದು ಶಾಲು ಹೊದಿಸಿದ್ದರು. ಎಪ್ಪತ್ತೊಂದು ವರ್ಷದವರು ಇಡೀ ಸಭೆಯಲ್ಲಿ ಒಬ್ಬರೇ. ಮೇಲಾಗಿ ಗಂಟೆ ಕೆಟ್ಟದಾಗಿ ಬಾರಿಸಿದ್ದು ಎಲ್ಲರಿಗೂ ತಿಳಿದಿತ್ತು. ಬಾರಿಸುವವರೇ ಹೋದ ಮೇಲೆ ಇನ್ನು ಹೇಗೆ ಬಾರಿಸಿಯಾರು? ನಾನು ಕೀಲಿ ಹಿಡಿದು ಓಡಿ ಮನೆಗೆ ಬರುವಷ್ಟರಲ್ಲಿ ಅಂಗಳ ತುಂಬಿತ್ತು. ಜನಾಬಾಯಿ ನಮ್ಮ ಹೊಸ್ತಿಲಲ್ಲಿ ಕೂತು ಎದೆ ಬಡಿದುಕೊಂಡು ಅಳುತ್ತಿದ್ದಳು. ನಮ್ಮ ಎರಡು ಮನೆಗಳ ನಡುವಿನ ಮೋರಿಗಾಗಿ ಮಾವನಿಗೂ ಅವಳಿಗೂ ಹನ್ನೆರಡು ವರ್ಷದ ಜಗಳ.

"ಬಂಗಾರದಂಥಾ ಅಣ್ಣಾ! ಒಂದ್ ದಿನ ಗಂಟಿ ತಪ್ಪಿಸಿಲ್ಲೋ! ಇನ್ನ ಮೋರಿ ನೀರಿಗೆ ನಾ ಯಾರ ಕೂಡ ಜಗಳಾ ಆಡ್ಲೋ ನಮ್ಮಣ್ಣಾ!"

ಮಾವನ ಹಾಸಿಗೆ ಬರಿದಾಗಿತ್ತು. ಹೆಣ ಎಲ್ಲಿ ಎಂದು ಕೇಳಲು ಯಾರಿಗೂ ಧೈರ್ಯವಿಲ್ಲ. ರೂತಿ ನಿದ್ದೆಗಣ್ಣಿನಲ್ಲಿ ಗೋಡೆಗೊರಗಿ, ತನ್ನ ಅಜ್ಜ, ಮುತ್ಯಾ, ಹೋದ ಎಂದು ಎಲ್ಲರೂ ಅಳುತ್ತಿದ್ದುದರಿಂದ ತಾನೂ ಅಳುತ್ತಿದ್ದಳು. ನಾನು ಬಾಯಿ ಬಿಟ್ಟರೂ ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು?

ಅಷ್ಟರಲ್ಲಿ ಮಾವ ಹೊಲದಿಂದ ಬಂದರು. ಅವರೂ ದಾರಿಯುದ್ದಕ್ಕೂ ಎಣಿಸಿಕೊಂಡೇ ಬಂದಿದ್ದರಂತೆ, ನನ್ನ ವಾರಿಗೆಯವರು ಇನ್ನಾರಪ್ಪ ಎಂದು. ಅಂಗಳದ ಅಂಚಿನಲ್ಲಿ ಗುದ್ದಲಿ ಹೆಗಲಿಗಿಟ್ಟುಕೊಂಡು ಕುಣಿ ತೋಡುವ ಪೀರಪ್ಪ ನಿಂತಿದ್ದ. ಮಾವ ಅವನ ಹಿಂದೆ ನಿಂತು ಮೆಲ್ಲಗೆ ಕೇಳಿದರು:

"ಯಾರ್ ಹೋದ್ರೋ ಪೀರಪ್ಪಾ?"

"ಬಕ್ಕಪ್ಪಣ್ಣ ಹೋದ," ಎಂದ ಅವನು, ತಿರುಗಿ ನೋಡದೆ.

"ಯಾವ ಬಕ್ಕಪ್ಪ?"

"ಊರಾಗ ಎಷ್ಟ್ ಬಕ್ಕಪ್ಪ ಅದಾರ? ಗಂಟಿ ಬಕ್ಕಪ್ಪ. ಕೇಳ್ಲಿಲ್ಲೇನು, ಎಂಥಾ ಕೆಟ್ಟ ಹೊಡದಾರ. ಅಂವಾ ಇದ್ದಿದ್ರ ಹಿಂಗ ಹೊಡೀತಿದ್ನೇನು?"

"ಖರೇ ಮಾತು," ಎಂದರಂತೆ ಮಾವ.

ಆಗ ಪೀರಪ್ಪ ತಿರುಗಿ ನೋಡಿದ. ಗುದ್ದಲಿ ಅವನ ಕಾಲ ಮೇಲೆಯೇ ಬಿತ್ತು.

ಜನ ಎರಡು ಪಾಲಾಗಿ ದಾರಿ ಬಿಟ್ಟರು. ಮಾವ ಚರಗಿ ಹಿಡಿದುಕೊಂಡು ನಡುವೆ ನಡೆದು ಬಂದು ಹೊಸ್ತಿಲ ಮುಂದೆ ನಿಂತರು. "ಜನಾಬಾಯಿ, ಏಳವಾ. ಮೋರಿ ನೀರು ನಮ್ಮ ಕಡೀಗೇ ಬರ್ತದ. ನಾ ಸತ್ರೂ ಅದೇ ಮಾತು."

ಜನಾಬಾಯಿ ಕಿರುಚಿ, ಆಮೇಲೆ ನಕ್ಕು, ಆಮೇಲೆ ಅತ್ತದ್ದೆಲ್ಲ ವ್ಯರ್ಥವಾಯಿತೆಂದು ಸಿಟ್ಟಾದಳು. ಪೀರಪ್ಪನ ಕಾಲಿಗೆ ಅರಿಶಿನ ಮೆತ್ತಿದೆವು. ನಾನು ಮಾವನ ಕೈಗೆ ಕೀಲಿ ಕೊಟ್ಟು, ನಡೆದದ್ದನ್ನೆಲ್ಲ ಹೇಳಿ, ಬಂದವರಿಗೆಲ್ಲ ಚಹಾ ಮಾಡಿದೆ. ನಾರಾಯಣಖೇಡದಲ್ಲಿ ರಾತ್ರಿ ಉಳಿದು ಮೊದಲ ಬಸ್ಸಿಗೆ ಬಂದಿಳಿದ ನನ್ನ ಗಂಡನಿಗೆ ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಸುದ್ದಿ ಹೇಳಿದ್ದರು. ಏಳು ಗಂಟೆಗೆ ಟಿಕೇಟಿನ ಚೀಲ ಕೊರಳಲ್ಲಿರುವಂತೆಯೇ ಅಳುತ್ತ ಓಡಿ ಬಂದರೆ, ಅಪ್ಪ ಕಟ್ಟೆಯ ಮೇಲೆ ಬಸಿಯಲ್ಲಿ ಚಹಾ ಊದಿಕೊಂಡು ಕುಡಿಯುತ್ತಿದ್ದರು.

"ಯಾಕಪಾ ಅಳ್ತಿ?" ಎಂದರು ಮಾವ. "ನಿನ್ನ ಹೆಂಡ್ತಿ ನನ್ನ ಹೂಳಿದ್ಲು. ನಾ ಎದ್ದು ಬಂದೀನಿ."

ನಕ್ಕದ್ದು ಆ ದಿನಕ್ಕೆ ಮುಗಿಯಿತು. ಮರುದಿನ ಮಾವ ಉಡಿದಾರದಿಂದ ಕೀಲಿ ಬಿಚ್ಚಿ ಪಾಸ್ಟರಯ್ಯನ ಕೈಗೆ ಕೊಟ್ಟು ಬಂದರು. "ಕದ್ದ ಕೀಲಿ ನನಗ ಬ್ಯಾಡ," ಎಂದರಂತೆ. ನನ್ನ ಕೈಯಿಂದ ಊಟ ನಿಂತಿತು. ರೂತಿ ಬಡಿಸಿದರೆ ಉಣ್ಣುತ್ತಿದ್ದರು. ನಾನು ಬಡಿದ ಅದೇ ರೊಟ್ಟಿ, ಅದೇ ಪಲ್ಯ. ನನಗೆ ಹೇಳಬೇಕಾದುದನ್ನು ಕಂಬಕ್ಕೆ ಹೇಳುತ್ತಿದ್ದರು. "ಬ್ಯಾಳಿಗೆ ಉಪ್ಪು ಕಮ್ಮಿ ಅದ ಅಂತ ಹೇಳು," ಎಂದು ಕಂಬಕ್ಕೆ. ನಾನೂ ಕಂಬಕ್ಕೇ, "ತಪ್ಪಾತು ಅಂತ ಹೇಳು," ಎಂದೆ. ಕಂಬ ಏನೂ ಹೇಳಲಿಲ್ಲ.

ಜನಾಬಾಯಿ ಕಮಿಟಿಯ ಮುಂದೆ ಮತ್ತೆ ಎದ್ದಳು. ಇದ್ದವರನ್ನು ಸಾಯಿಸುವ ಕೂಟ ಏಪ್ರಿಲ್‌ತನಕ ಯಾಕೆ, ಇವತ್ತೇ ಮುಚ್ಚಿ ಎಂದಳು. ಪಾಸ್ಟರಯ್ಯ, ಮಾತು ಮಾತೇ, ಏಪ್ರಿಲ್ ಅಂದರೆ ಏಪ್ರಿಲ್ ಎಂದರು. ಆದರೆ ಗಂಟೆ ಮುಟ್ಟುವ ಹಾಗಿಲ್ಲ.

ಗಂಟೆ ಇಲ್ಲದಿದ್ದರೆ ಕಾಲು ಇವೆಯಲ್ಲ. ನಾಲ್ಕು ಗಂಟೆಗೆ ಎದ್ದು ಕಂದೀಲು, ಕೋಲು ಹಿಡಿದು ಹುಡುಗಿಯರ ಮನೆಗಳಿಗೆ ನಾನು, ಹುಡುಗರ ಮನೆಗಳಿಗೆ ಆತ್ಮಾರಾಮ. ಒಂದು ಬಾಗಿಲು ಬಡಿದರೆ ನಾಲ್ಕು ನಾಯಿ ಏಳುತ್ತಿದ್ದವು, ಹುಡುಗಿ ಏಳುತ್ತಿರಲಿಲ್ಲ. "ಎದ್ದೀನಕ್ಕ," ಎಂದು ಒಳಗಿನಿಂದಲೇ ಹೇಳಿ ಮಗ್ಗಲು ಬದಲಿಸುತ್ತಿದ್ದರು. ಹನ್ನೊಂದರಲ್ಲಿ ನಾಲ್ಕು ಬಂದರೆ ದೊಡ್ಡದು. ಬಂದವರಿಗೆ ರೂತಿ ಲೆಕ್ಕ ಹೇಳಿಕೊಡುತ್ತಿದ್ದಳು. ಅದರಲ್ಲಿ ಅವಳು ಚುರುಕು. ನಾನು ಹಂಡೆಯಲ್ಲಿ ಜೋಳದ ಅಂಬಲಿ ಒಯ್ದು ಬಟ್ಟಲಿಗೆ ಹಾಕಿ ಕೊಟ್ಟು, ಮನೆಗೆ ಓಡಿ ಬಂದು, ರೊಟ್ಟಿ ಬಡಿದು, ಒಂಬತ್ತಕ್ಕೆ ಶಾಲೆಗೆ ಹೋಗುತ್ತಿದ್ದೆ.

ಎರಡನೇ ವಾರ ಒಂದು ನಸುಕಿನಲ್ಲಿ ಕಂದೀಲಿನ ಎಣ್ಣೆ ಮುಗಿಯಿತು. ನನ್ನ ಕಾಲು ನೇರವಾಗಿ ಆ ಮೋರಿಯೊಳಗೇ ಹೋಯಿತು. ಹಿಮ್ಮಡ ಹೊರಳಿ ಬೆಲ್ಲದ ಅಚ್ಚಿನಷ್ಟು ಊದಿಕೊಂಡಿತು.

"ಈಗಾರ ತಿಳೀತೇನು ಮೋರಿ ಯಾರ ಕಡೆ ಅದ ಅಂತ?" ಎಂದಳು ಜನಾಬಾಯಿ, ಎಕ್ಕೆ ಎಲೆ ಬಿಸಿಮಾಡಿ ಕಟ್ಟುತ್ತ. ಎಲೆ ಕಟ್ಟಿದ್ದು ಮಾತ್ರ ಬಹಳ ಮೃದುವಾಗಿ.

ಎಂಟು ದಿನ ನಿಲ್ಲುವ ಹಾಗಿರಲಿಲ್ಲ. ಅಡಿಗೆ ನನ್ನ ಗಂಡನ ಪಾಲಿಗೆ ಬಂತು. ಅವರು ಬಡಿದ ರೊಟ್ಟಿ ಹಂಚಿಗೆ ಹಾಕುವ ಮೊದಲೇ ಹರಿಯುತ್ತಿತ್ತು.

"ಅಪ್ಪಾ, ಟಿಕೇಟ್ ಹರದಂಗ ಹರೀಲತ್ತೀರಿ," ಎಂದು ರೂತಿ ನಕ್ಕಳು.

"ತಿಂದು ಇಳೀರಿ. ಚಿಲ್ಲರ ಕೇಳಬ್ಯಾಡ್ರಿ."

ಮಾವ ಆ ಚೂರುಗಳನ್ನು ಮಜ್ಜಿಗೆಯಲ್ಲಿ ನೆನೆಸಿಕೊಂಡು ತಿಂದರು. ಆಮೇಲೆ ಕಂಬವನ್ನು ಬಿಟ್ಟು ರೂತಿಯನ್ನು ಕೇಳಿದರು: "ಇವತ್ತ ಓದಾಕ ಎಷ್ಟ್ ಮಂದಿ ಬಂದಿದ್ರು?"

"ಇಬ್ರು, ಮುತ್ಯಾ. ನಾನು, ಆತ್ಮಾರಾಮಣ್ಣ."

"ಎಷ್ಟ್ ಮಂದಿ ಬರಬೇಕು?"

"ಹನ್ನೊಂದು."

ಮಾವ ಕೈ ತೊಳೆದು, ಟವೆಲಿಗೆ ಒರೆಸಿ, ಮತ್ತೆ ತೊಳೆದರು. "ಆ ಕುರಿಗಾರನ ಮಗ ಕೈಲೆ ಎಳೀತಾನ, ಮೈಲೆ ಎಳ್ಯಂಗಿಲ್ಲ. ಅದಕ್ಕ ಹಗ್ಗ ಅವನ ಮಾತು ಕೇಳಂಗಿಲ್ಲ," ಎಂದರು.

"ನೀ ಹೊಡೀಯಲ್ಲ ಮುತ್ಯಾ."

"ಸಾವಿನ ಗಂಟಿ ಬ್ಯಾರೆ."

"ಅಂದ್ರ ಬ್ಯಾರೆ ಗಂಟಿ ಮಾಡು. ಸಾವಿಂದು ಮೆಲ್ಲಗ. ನಮ್ದು ಜಲ್ದಿ."

ಮಾವ ಎದ್ದು ಹೊರಗೆ ಹೋದರು. ಮಧ್ಯಾಹ್ನವೆಲ್ಲ ಕಟ್ಟೆಯ ಮೇಲೆ ಕೂತು ಹಿತ್ತಾಳೆಯ ಚರಗಿಯನ್ನು ಚಮಚದಿಂದ ಬಡಿಯುತ್ತಿದ್ದರು. ಎರಡು ಕೂಡಿಸಿ, ಬಿಟ್ಟು, ಎರಡು ಕೂಡಿಸಿ. ಟಣಟಣ, ಟಣಟಣ. ತಲೆನೋವು ಬಂತೆಂದು ಜನಾಬಾಯಿ ಗೋಡೆಯ ಆಚೆಯಿಂದ ಬೈದಳು. ಸಂಜೆ ಬಿಳಿ ಅಂಗಿ ಹಾಕಿಕೊಂಡು ಪಾಸ್ಟರಯ್ಯನ ಬಳಿ ಹೋದರು. ಬರುವಾಗ ಕೀಲಿ ಉಡಿದಾರದಲ್ಲಿತ್ತು. ಮನೆಗೆ ಬಾರದೆ ಹಾಗೆಯೇ ಓಣಿಯ ಒಂದೊಂದು ಬಾಗಿಲಿಗೂ ನಿಂತು ಹೇಳುತ್ತ ನಡೆದರು: ನಾಳೆಯಿಂದ ನಸುಕಿನಲ್ಲಿ ಗಂಟೆ ಆಗುತ್ತದೆ, ಎರಡೆರಡು ಪೆಟ್ಟು, ಅದು ಓದುವ ಗಂಟೆ. ಮೂಲೆಯ ಸೈಕಲ್ ಅಂಗಡಿಯ ಸಾಹೇಬರಿಗೆ, ಯಾರೂ ಸತ್ತದ್ದಲ್ಲ ಎಂದು ಉರ್ದುವಿನಲ್ಲಿ, "ಕಲ್ ಸೇ ಘಂಟಾ ಬಜೇಗಾ, ಕೋಯೀ ಮರಾ ನೈ," ಎಂದರು. ಪೀರಪ್ಪನ ಮನೆಯಲ್ಲಿ ಎರಡು ಸಲ ಹೇಳಿದರು.

"ಗುದ್ದಲಿ ಮುಟ್ಟಬ್ಯಾಡ ನೋಡು."

"ಇಲ್ರಿ ಅಣ್ಣಾ. ನೀವು ಬಂದು ಹೇಳಿದ ಮ್ಯಾಲೇ ಮುಟ್ತೀನಿ."

"ನಾನೇ ಹೋದ್ರ ಯಾರ್ ಬಂದು ಹೇಳಬೇಕೋ?"

ಪೀರಪ್ಪನಿಗೆ ಇದು ಬಗೆಹರಿಯಲಿಲ್ಲ.

ಮರುದಿನ ನಾಲ್ಕೂವರೆಗೆ ನಾನು ಹಾಸಿಗೆಯಲ್ಲಿಯೇ ಕೇಳಿದೆ. ಎಂದೂ ಕೇಳರಿಯದ ಗಂಟೆ. ಟಣಟಣ ಎಂದು ಓಡಿ ಬರುವಂತಹದು, ಚಿಕ್ಕ ಹುಡುಗರು ಮೆಟ್ಟಿಲಿಳಿದ ಹಾಗೆ. ಅದರ ಹಿಂದೆಯೇ ಬಾಗಿಲುಗಳ ಸದ್ದು, ಬಾವಿಗೆ ಬಕೆಟ್ಟು ಬಿದ್ದ ಸದ್ದು. ಮಾವ ಚರ್ಚಿನ ಬಾಗಿಲಲ್ಲಿ ನಿಂತು ಬಂದವರನ್ನು ಒಬ್ಬೊಬ್ಬರಾಗಿ ಒಳಗೆ ಬಿಟ್ಟರಂತೆ. ಮನೆಗೆ ಬಂದವರು ಕಂಬದ ಕಡೆ ನೋಡಲೇ ಇಲ್ಲ.

"ಹತ್ತು ಮಂದಿ ಬಂದಿದ್ರು, ಸುವಾರ್ತಾ," ಎಂದರು ನನಗೆ. "ಹನ್ನೊಂದನೇದಾಕಿ ಲಚ್ಚಮ್ಮನ ಮಗಳು. ನಾಳೆ ಅವ್ರ ಕಿಡಕಿ ಕಡೆ ಮಾರಿ ಮಾಡಿ ಹೊಡೀತೀನಿ."

"ಗಂಟಿಗೆ ಮಾರಿ ಅದ ಏನ್ರಿ ಮಾವಾ?"

"ನಲವತ್ತು ವರ್ಷ ನೋಡೀನಿ. ನನಗ ಗೊತ್ತದ."

ಅಲ್ಲಿಂದ ಪರೀಕ್ಷೆಯವರೆಗೆ ಒಂದು ದಿನವೂ ತಪ್ಪಲಿಲ್ಲ. ಎಲ್ಲವೂ ಚೆನ್ನಾಗಿತ್ತು ಎಂದರೆ ಸುಳ್ಳಾಗುತ್ತದೆ. ಲೆಕ್ಕದ ಪರೀಕ್ಷೆಯ ಹಿಂದಿನ ಸಂಜೆ ರೂತಿ ಪುಸ್ತಕ ಎಸೆದಳು.

"ಇಡೀ ತಿಂಗ್ಳು ಬ್ಯಾರೇರಿಗೆ ಹೇಳಿಕೊಟ್ಟೀನಿ. ನಾ ಓದಿದ್ದು ಯಾವಾಗ? ಎಲ್ಲಾರಿಗೂ ಅವ್ವ ನೀನು. ನನಗ ಟೀಚರಮ್ಮ!"

ಹೊಲಿಗೆ ಮೆಷಿನ್ನಿನ ಮೇಲೆ ಯಾರದೋ ಕುಪ್ಪಸ ತೋಳು ಇಲ್ಲದೆ ಬಿದ್ದಿತ್ತು. ಅದನ್ನು ಬದಿಗೆ ಸರಿಸಿ, ಎಣ್ಣೆ ಬಟ್ಟಲು ತಂದು, ಮಗಳನ್ನು ಮುಂದೆ ಕೂಡಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದೆ. ಫೆಬ್ರುವರಿಯಿಂದ ಹಚ್ಚಿರಲಿಲ್ಲ. ಎರಡು ಜಡೆ ಹಾಕುವಷ್ಟರಲ್ಲಿ ಅವಳು ನನ್ನ ಮೊಣಕಾಲಿಗೆ ಒರಗಿ ಸೂತ್ರ ಒಪ್ಪಿಸತೊಡಗಿದ್ದಳು. ತಪ್ಪಿದಲ್ಲಿ ಜಡೆ ಎಳೆದೆ.

"ಯವ್ವಾ, ನೋಯ್ತದ!"

"ಅವ್ವ ಅಂದ್ರ ಎಳೀತಾಳ. ಟೀಚರಮ್ಮ ಆದ್ರ ಎಳೀತಿದ್ದಿಲ್ಲ."

ಏಪ್ರಿಲ್ ಎರಡನೇ ವಾರ ಪರೀಕ್ಷೆ ಮುಗಿಯಿತು. ಮರುದಿನದಿಂದ ಮಾವ ಗಂಟೆ ನಿಲ್ಲಿಸಿದರು. ಹುಡುಗರಿಲ್ಲ, ಇನ್ನು ಯಾರಿಗೆ? ಎಲ್ಲರೂ ಒಂದಿಷ್ಟು ನಿದ್ದೆ ಮಾಡೋಣ ಎಂದುಕೊಂಡೆವು.

ನಿದ್ದೆ ಚೆನ್ನಾಗಿಯೇ ಆಯಿತು. ಸೋಮವಾರ ನನ್ನ ಗಂಡ ಕಣ್ಣು ಬಿಟ್ಟಾಗ ಬಿಸಿಲು ಹಂಚಿನ ಸಂದಿಯಿಂದ ಮೂಗಿನ ಮೇಲೆ ಬಿದ್ದಿತ್ತು. ತಾಂಡೂರಿನ ಮೊದಲ ಬಸ್ಸು ಬೇರೆ ಕಂಡಕ್ಟರನನ್ನು ಹತ್ತಿಸಿಕೊಂಡು ಕೊಹೀರ್ ದಾಟಿಯೂ ಆಗಿತ್ತು. "ಗಂಟಿ ಯಾಕ ಆಗ್ಲಿಲ್ಲ?" ಎಂದು ಪ್ಯಾಂಟಿನ ಒಂದೇ ಕಾಲಿನಲ್ಲಿ ನಿಂತು ಕೂಗಿದರು. ಹಾಲಿನವಳು ಬಂದದ್ದು ಎಂಟಕ್ಕೆ. ಆಚೆ ಮನೆಯಿಂದ ಕೊಡ ಉರುಳಿದ ಸದ್ದು, ಹಿಂದೆಯೇ ಜನಾಬಾಯಿಯ ಬೈಗುಳ. ನಳದ ನೀರು ಬರುವುದು ಐದಕ್ಕೆ, ನಿಲ್ಲುವುದು ಐದೂವರೆಗೆ. ಒಂದು ತಿಂಗಳಿಂದ ಅವಳು ಗಂಟೆಗೆ ಎದ್ದು ಸಾಲಿನಲ್ಲಿ ಮೊದಲನೆಯವಳಾಗಿ ನಿಂತು ರೂಢಿಯಾಗಿತ್ತು. ಈಗ ಹೆದ್ದಾರಿಯ ಆಚೆಯ ಬಾವಿಯಿಂದ ಹೊರಬೇಕು.

ಏಪ್ರಿಲ್ ಕೊನೆಯ ಭಾನುವಾರ ಆರಾಧನೆ ಮುಗಿದ ಮೇಲೆ ಬೇವಿನ ಮರದ ಕೆಳಗೆ ಕಮಿಟಿ ಕೂತಿತು. ಹುಡುಗರೆಲ್ಲ ಕಾಂಪೌಂಡಿನ ಗೋಡೆಯ ಮೇಲೆ ಹಕ್ಕಿಗಳ ಹಾಗೆ ಸಾಲಾಗಿ ಕೂತಿದ್ದರು. ನಾನು ಹಾಜರಿ ಪುಸ್ತಕ ತಂದಿದ್ದೆ, ಯಾರು ಎಷ್ಟು ದಿನ ಬಂದರು, ಏನೇನು ಓದಿದರು ಎಂದು ಗೆರೆ ಎಳೆದು ಬರೆದದ್ದು. ರಿಸಲ್ಟು ಬರುವುದು ಜೂನಿಗೆ. ತೋರಿಸಲು ನನ್ನ ಬಳಿ ಬೇರೇನೂ ಇರಲಿಲ್ಲ.

"ಯೌವನಸ್ಥರ ಕೂಟದ ಮಾತು," ಎಂದರು ಪಾಸ್ಟರಯ್ಯ. "ಜನಾಬಾಯಿಯವ್ರು ಎತ್ತಿದ್ದು. ಅವ್ರೇ ಹೇಳ್ಲಿ."

ಜನಾಬಾಯಿ ಎದ್ದಳು. "ಕೂಟದ ಮಾತು ಆಮ್ಯಾಲ. ಮೊದ್ಲ ಗಂಟಿ ಮಾತು ತಗೀರಿ. ಹತ್ತು ದಿನ ಆತು, ಮನ್ಯಾಗ ಹನಿ ನೀರಿಲ್ಲ. ನೀರು ಹೊತ್ತೂ ಹೊತ್ತು ಹೈರಾಣಾಗೀನಿ. ಬಕ್ಕಪ್ಪಣ್ಣಗ ಹೇಳ್ರಿ, ನಸುಕಿನ ಗಂಟಿ ಹೊಡೀಲಿ."

"ಹೌದ್ರಿ," ಎಂದರು ಇನ್ನಿಬ್ಬರು. ಹಿಂದೆ ನಿಂತಿದ್ದ ನನ್ನ ಗಂಡ ಕಮಿಟಿಯಲ್ಲಿ ಇಲ್ಲದಿದ್ದರೂ ಜೋರಾಗಿ ಹೌದು ಎಂದರು.

ಮಾವ ಮರಕ್ಕೆ ಒರಗಿ ಕೂತಿದ್ದರು. ಏಳಲಿಲ್ಲ.

"ಅದು ನಳದ ಗಂಟಿ ಅಲ್ಲ. ಬಸ್ಸಿಂದೂ ಅಲ್ಲ. ಕೂಟದ ಹುಡುಗ್ರಿಗಂತ ಮಾಡಿದ್ದು. ಕೂಟ ಇದ್ರ ಗಂಟಿ. ಕೂಟ ಬಂದ್ ಮಾಡಿ ನಾ ಯಾರಿಗೆ ಹೊಡೀಲಿ, ನಿನ್ನ ಕೊಡಕ್ಕೇನು?"

"ಈಗ ಸೂಟಿ ಅಲ್ಲೇನಣ್ಣಾ? ಹುಡುಗ್ರು ಎಲ್ಲಿ ಬರ್ತಾರ?"

"ಸೂಟ್ಯಾಗ ಸಣ್ಣ ಹುಡುಗ್ರಿಗೆ ಹಾಡು, ಪಾಠ ಅದ. ಪ್ರತೀ ದಿನ ನಸುಕಿನ್ಯಾಗ. ನನ್ನ ಸೊಸಿ ಹೇಳಿಕೊಡ್ತಾಳ."

ಹಾಗೆಂದು ನಾನು ಯಾರಿಗೂ ಹೇಳಿರಲಿಲ್ಲ. ಬೇಸಿಗೆಯ ಸೂಟಿಯಲ್ಲಿ ಏಳು ಗಂಟೆತನಕ ಮಲಗಬೇಕೆಂದು ಮಾಡಿದ್ದೆ. ಎಲ್ಲರೂ ನನ್ನ ಮುಖ ನೋಡಿದರು. ಮಾವ ಮಾತ್ರ ಮರದ ಕೊಂಬೆ ನೋಡುತ್ತಿದ್ದರು.

"ಹೇಳಿಕೊಡ್ತೀನ್ರಿ," ಎಂದೆ.

ಜನಾಬಾಯಿ ಸೆರಗು ಕೊಡವಿ ಕೂತಳು. "ಹೇಳಿಕೊಡ್ಲಿ ಬಿಡ್ರಿ. ಹಾಡ್ಲಿ, ಕುಣೀಲಿ, ಏನ್ ಬೇಕಾದ್ದು ಮಾಡ್ಲಿ. ಐದರ ಒಳಗ ಗಂಟಿ ಆಗ್ಲಿ."

ಪಾಸ್ಟರಯ್ಯ ಬರೆದುಕೊಂಡರು. ನನ್ನ ಹಾಜರಿ ಪುಸ್ತಕವನ್ನು ಯಾರೂ ತೆರೆದು ನೋಡಲಿಲ್ಲ. ಗೋಡೆಯ ಮೇಲಿನ ಹುಡುಗರು ಒಮ್ಮೆಲೆ ಕೆಳಗೆ ಧುಮುಕಿದರು, ಆತ್ಮಾರಾಮ ಎಲ್ಲಿಂದಲೋ ಢೋಲಕ್ ತಂದ.

ಜೂನ್ ಮೊದಲ ವಾರ ರಿಸಲ್ಟು ಬಂತು. ಹನ್ನೊಂದರಲ್ಲಿ ಒಂಬತ್ತು ಪಾಸು. ರೂತಿ ಎರಡನೇ ದರ್ಜೆ. ಮೊದಲ ದರ್ಜೆ ಬರಬೇಕಿತ್ತು ಎಂದು ಅವಳು ಒಂದು ದಿನ ಊಟ ಬಿಟ್ಟಳು, ಮರುದಿನ ಎರಡು ದಿನದ್ದು ಸೇರಿಸಿ ಉಂಡಳು. ಫೇಲಾದ ಇಬ್ಬರು ಆ ಸಂಜೆಯೇ ಬಂದು, "ಅಕ್ಕಾ, ನಾಳೆ ಬರಲೇನ್ರಿ?" ಎಂದರು. ಆತ್ಮಾರಾಮನಿಗೆ ಲೆಕ್ಕದಲ್ಲಿ ಮೂವತ್ತೈದು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಅವರಪ್ಪ ಮಾಣಿಕಪ್ಪ ನಾಗಲಗಿದ್ದದಿಂದ ಕಂಬಳಿ ಹೊದ್ದು ಬಂದು ಒಂದು ಸೇರು ಕುರಿಹಾಲಿನ ತುಪ್ಪ ಕೊಟ್ಟು, ನನ್ನ ಮುಖ ನೋಡಿ ನಕ್ಕು ಹೋದ.

ಮುಂದೆ ಕಾಲೇಜಿನ ಇಂಟರ್ ಓದಲು ಆತ್ಮಾರಾಮ ಇಲ್ಲಿಯೇ ಉಳಿದ. ಜುಲೈನ ಒಂದು ಸಂಜೆ ನಾನು ಅಂಬಲಿ ಹಂಡೆ ತರಲು ಹೋದಾಗ ಗೋಪುರದ ಬಾಗಿಲು ತೆರೆದಿತ್ತು. ಮಾವ ಒಳಗೆ ಸ್ಟೂಲಿನ ಮೇಲೆ ಕೂತಿದ್ದರು. ಹುಡುಗ ಹಗ್ಗ ಹಿಡಿದು ನಿಂತಿದ್ದ, ಎಳೆಯದೆ, ಸುಮ್ಮನೆ ಮೈ ಬಗ್ಗಿಸಿ ಏಳುವುದನ್ನು ಕಲಿಯುತ್ತಿದ್ದ.

"ಕೈ ಅಲ್ಲೋ, ಸೊಂಟ. ಹಾಂ. ಈಗ ಎಣಸು."

"ಒಂದು... ಎರಡು..." ಹುಡುಗ ನಿಂತ. "ಮುತ್ಯಾ, ನಮ್ಮಾಗ ಎಣಸಬಾರದು ಅಂತಾರ್ರಿ. ಕಮ್ಮಿ ಆಗ್ತದಂತ."

"ಕುರಿ ಕಮ್ಮಿ ಆಗ್ತಾವ. ಗಂಟಿ ಕಮ್ಮಿ ಆಗಂಗಿಲ್ಲ. ಈ ವರ್ಷ ಎಪ್ಪತ್ತೊಂದು. ಕ್ರಿಸ್‌ಮಸ್ ಆದ ಮ್ಯಾಲ ಎಪ್ಪತ್ತೆರಡು. ನೆನಪಿಟ್ಕೊ. ನನ್ನ ಗಂಟಿ ನೀನೇ ಹೊಡೀಬೇಕು."

"ಅಂಥಾ ಮಾತು ಆಡಬ್ಯಾಡ್ರಿ ಮುತ್ಯಾ."

"ಆಡ್ತೀನಿ. ಬರಾಬರ್ ಹೊಡಿ. ಒಂದ್ ಪೆಟ್ಟು ತಪ್ಪಿದ್ರ ನೋಡು," ಎಂದರು ಮಾವ, "ಹೋದ ಸಲ ಎದ್ದು ಬಂದಂಗ ಮತ್ತ ಎದ್ದು ಬರ್ತೀನಿ."